ಕೂಸಿನ ಬಾಯಿ

ನಾವು ಪದ್ಯ ಬರೆಯುವವರು. ಬಾಯಿಯ ಬಗ್ಗೆ ಬೇಕಾದಷ್ಟು ಬರೆದಿದ್ದೇವೆ. ಬಾಯಿ ಇಲ್ಲದವರ ಬಾಯಿ ನಾವು ಅಂದಿದ್ದೇವೆ. ತಮಟೆ ಬಡಿದುಕೊಂಡು ಬೀದಿಯಲ್ಲಿ ನಿಂತು ಓದಿದ್ದೇವೆ, ಕಾಲೇಜಿನ ಮೈದಾನದಲ್ಲಿ ಓದಿದ್ದೇವೆ. ಕೇಳಿದವರು ಚಪ್ಪಾಳೆ ತಟ್ಟಿದ್ದಾರೆ. ಎಂಟು ವರ್ಷದ ಹೆಣ್ಣು ಕೂಸೊಂದು ತನ್ನ ಉಗುಳನ್ನು ತಾನೇ ನುಂಗಲಾರದೆ ಸ್ಟೀಲ್ ಲೋಟದೊಳಕ್ಕೆ ಬಿಟ್ಟುಕೊಂಡು ಕೂತಿದ್ದನ್ನು ನೋಡಿದ ಮೇಲೆ ಆ ಪದ್ಯಗಳನ್ನು ಇನ್ನೊಂದು ಸಲ ಓದಲು ನಮಗೆ ನಾಚಿಕೆಯಾಯಿತು.

ಆ ಕೂಸು ನಮ್ಮ ಅಕ್ಕನ ಮಗಳು. ಮನೆಯಲ್ಲಿ ಪುಟ್ಟಿ ಅನ್ನುತ್ತೇವೆ. ಮಳವಳ್ಳಿ ಸೀಮೆಯ ಒಂದು ಊರು, ಊರಾಚೆ ನಮ್ಮ ಕೇರಿ. ಹೋದ ವರ್ಷ ಸುಗ್ಗಿ ಮುಗಿದ ಮೇಲೆ ಅವಳಿಗೆ ಜ್ವರ ಬಂತು. ಬಂದ ಜ್ವರ ಹೋಗಲಿಲ್ಲ. ಮೊಣಕಾಲು ನೋವು ಅಂದಳು, ಕುಂಟಾಬಿಲ್ಲೆ ಆಡಿ ಬಿದ್ದಿದ್ದಾಳೆ ಅಂದೆವು. ಮೈಮೇಲೆ ನೀಲಿ ಕಲೆ ಎದ್ದವು, ಸ್ಕೂಲಿನಲ್ಲಿ ಯಾರು ಹೊಡೆದರು ಅಂತ ಕೇಳಲು ಹೋದೆವು. ಮಾರಮ್ಮನಿಗೆ ಹರಕೆ ಕಟ್ಟಿದೆವು. ಕೊನೆಗೆ ರಕ್ತ ತೆಗೆಸಿದಾಗ ಡಾಕ್ಟರು ಚೀಟಿ ಬರೆದು, ಬೆಂಗಳೂರಿಗೆ ಹೋಗಿ, ನಾಳೆ ಅನ್ನಬೇಡಿ, ಇವತ್ತೇ ಹೋಗಿ ಅಂದರು.

ಕಾಯಿಲೆಯ ಹೆಸರು ಲಿಂಫೋಬ್ಲಾಸ್ಟಿಕ್ ಲುಕೀಮಿಯಾ. ರಕ್ತದ ಕ್ಯಾನ್ಸರು. ಮಕ್ಕಳಿಗೆ ಬರುವ ಕ್ಯಾನ್ಸರುಗಳಲ್ಲಿ ಇದೇ ಹೆಚ್ಚು. ದುಡ್ಡಿರುವ ದೇಶಗಳಲ್ಲಿ ಈ ಕಾಯಿಲೆಯ 10 ಮಕ್ಕಳಲ್ಲಿ ಸುಮಾರು 9 ಮಕ್ಕಳು ಬದುಕಿಕೊಳ್ಳುತ್ತಾರೆ. ನಮ್ಮಲ್ಲಿ ಅಷ್ಟು ಮಕ್ಕಳು ಬದುಕುವುದಿಲ್ಲ. ಕಾಯಿಲೆ ಅದೇ, ಔಷಧಿಯೂ ಅದೇ. ತಡವಾಗಿ ಬರುತ್ತೇವೆ, ಸಾಲಕ್ಕೆ ಹೆದರಿ ಅರ್ಧಕ್ಕೆ ಬಿಟ್ಟು ಹೋಗುತ್ತೇವೆ, ಮೈಯಲ್ಲಿ ಮೊದಲೇ ಕಸುವಿರುವುದಿಲ್ಲ, ನಂಜು ಏರುತ್ತದೆ. ಸಾಯುವುದಕ್ಕೂ ಬದುಕುವುದಕ್ಕೂ ನಡುವೆ ಇರುವುದು ಇಷ್ಟು.

ನಮ್ಮ ಮನೆಯಲ್ಲಿ ಇಂಗ್ಲಿಷ್ ಅಕ್ಷರ ಓದಬಲ್ಲವರು ನಾವೊಬ್ಬರೇ. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲ ತಲೆಯೂ ನಮ್ಮದೇ. ಹಾಗಾಗಿ ಫೈಲು ನಮ್ಮ ಕೈಗೆ ಬಂತು. ಡಾಕ್ಟರು ನಮಗೆ ಹೇಳುತ್ತಾರೆ, ನಾವು ಅಕ್ಕನಿಗೆ ಹೇಳುತ್ತೇವೆ, ಅಕ್ಕ ಅವ್ವನಿಗೆ ಹೇಳುತ್ತಾಳೆ. ಕೂಸಿಗೆ ಯಾರೂ ಹೇಳುವುದಿಲ್ಲ. ಕೂಸನ್ನು ಕೇಳುವವರೂ ಇಲ್ಲ. ಎಲ್ಲರೂ ಅವಳ ತಲೆಯ ಮೇಲಿಂದ ಮಾತಾಡುತ್ತಿದ್ದೆವು. ಎಷ್ಟು ಬಿಳಿ ಕಣ, ಎಷ್ಟು ಪ್ಲೇಟ್‌ಲೆಟ್ಟು, ಎಷ್ಟು ಸಲ ಬೆನ್ನಿಗೆ ಸೂಜಿ. ನಮಗೆ ಕಾಣುತ್ತಿದ್ದುದು ಒಂದೇ ಮಾತು, ಕೂಸು ಉಳಿಯಬೇಕು. ಅದರ ಮುಂದೆ ಬಾಯಿ ಹುಣ್ಣು ಅನ್ನುವುದು ಒಂದು ಕಾಯಿಲೆಯೇ? ನಮ್ಮ ಜನಕ್ಕೆ ಬಾಯಿ ಹುಣ್ಣು ಎಷ್ಟು ಸಲ ಬಂದು ಹೋಗಿಲ್ಲ? ಸೀಬೆ ಚಿಗುರು ಅಗಿದರೆ ಹೋಗುತ್ತದೆ ಅಂದುಕೊಂಡಿದ್ದೆವು.

ಮೊದಲ ತಿಂಗಳುಗಳ ಕೀಮೋ ಹೇಗೋ ಕಳೆಯಿತು. ಆಮೇಲೆ ಹಳದಿ ಔಷಧಿಯ ಸರದಿ ಬಂತು. ಮೆಥೊಟ್ರೆಕ್ಸೇಟ್. ಜಾಸ್ತಿ ಪ್ರಮಾಣದಲ್ಲಿ ಕೊಡುವಾಗ ವಾರ್ಡಿಗೆ ಸೇರಿಸಿಕೊಂಡು ಒಂದು ಹಗಲು ಒಂದು ರಾತ್ರಿ ಡ್ರಿಪ್ಪಿನಲ್ಲಿ ಇಳಿಸುತ್ತಾರೆ. ಎರಡು ವಾರಕ್ಕೊಂದರಂತೆ ನಾಲ್ಕು ಸಲ. ನೋಡುವುದಕ್ಕೆ ಥೇಟು ಅರಿಶಿನದ ನೀರು. ‘ಮದ್ವೆ ಎಣ್ಗೆ ಉಯ್ಯೋ ನೀರಂಗದಲ್ಲೋ’ ಅಂದಳು ಅವ್ವ. ಅದು ಇಳಿದ ಮೇಲೆ ಫೋಲಿನಿಕ್ ಆಸಿಡ್ ಅನ್ನುವ ಇನ್ನೊಂದು ಮದ್ದನ್ನು ಗಂಟೆ ಲೆಕ್ಕದಲ್ಲಿ ಕೊಟ್ಟು ಒಳ್ಳೆಯ ಕಣಗಳನ್ನು ಉಳಿಸಿಕೊಳ್ಳುತ್ತಾರೆ. ಎಲ್ಲವೂ ಉಳಿಯುವುದಿಲ್ಲ.

ಅದರ ಕೆಲಸ ಇಷ್ಟೇ. ಕ್ಯಾನ್ಸರಿನ ಕಣ ಬೇಗ ಬೇಗ ಒಡೆದು ಎರಡಾಗುತ್ತದೆ. ಔಷಧಿ ಬೇಗ ಬೆಳೆಯುವುದನ್ನೆಲ್ಲ ಹುಡುಕಿ ಹೊಡೆಯುತ್ತದೆ. ನಮ್ಮ ಮೈಯಲ್ಲಿ ಬೇಗ ಬೆಳೆಯುವುದು ಕ್ಯಾನ್ಸರು ಮಾತ್ರವಲ್ಲವಲ್ಲ. ಕೂದಲ ಬೇರು ಬೆಳೆಯುತ್ತದೆ, ಮೂಳೆಯೊಳಗಿನ ಮಜ್ಜೆ ಬೆಳೆಯುತ್ತದೆ, ಬಾಯಿಂದ ಕರುಳಿನವರೆಗೆ ಇರುವ ತೆಳ್ಳನೆ ಒಳಚರ್ಮ ಬೆಳೆಯುತ್ತದೆ. ಬಾಯೊಳಗಿನ ಚರ್ಮ ಒಂದೆರಡು ವಾರದೊಳಗೆ ಹಳೆಯದು ಉದುರಿ ಹೊಸದಾಗುತ್ತದೆ. ಔಷಧಿ ಆ ಹೊಸ ಚಿಗುರನ್ನು ಹೊಡೆಯುತ್ತದೆ. ಕಳೆ ಕೀಳಲು ಬಂದವನು ಪೈರನ್ನೂ ಕಿತ್ತ ಹಾಗೆ. ಹಳೆಯದು ಉದುರುತ್ತದೆ, ಹೊಸದು ಬರುವುದಿಲ್ಲ, ಒಳಗಿನ ಹಸಿ ಮಾಂಸ ಬಯಲಾಗುತ್ತದೆ. ಡಾಕ್ಟರುಗಳು ಇದಕ್ಕೆ ಮ್ಯೂಕೋಸೈಟಿಸ್ ಅನ್ನುತ್ತಾರೆ. ನಮಗೆ ಬರುವ ಒಂದು ಕಾಳಿನ ಹುಣ್ಣಿಗೂ ಇದಕ್ಕೂ ಹೋಲಿಕೆಯಿಲ್ಲ. ಇದು ಬಾಯಿಗೆ ಬಾಯೇ ಸುಟ್ಟ ಗಾಯ.

ಇದೆಲ್ಲ ಆಮೇಲೆ ತಿಳಿದದ್ದು. ಆವತ್ತು ಏನೂ ತಿಳಿಯದು. ಔಷಧಿ ಇಳಿಸಿ ನಾಲ್ಕನೆಯ ದಿನ ಮನೆಗೆ ಕಳಿಸಿದರು. ಅಕ್ಕನಿಗೂ ಕೂಸಿಗೂ 2023ರಿಂದ ಸರ್ಕಾರಿ ಬಸ್ಸು ಪುಕ್ಕಟೆ, ನಮಗೊಬ್ಬರಿಗೆ ಟಿಕೆಟ್ಟು. ಕೂಸು ಬಂದಳು ಅಂತ ಅವ್ವ ಮುದ್ದೆ ತಿರುವಿ ಉಪ್ಸಾರು ಖಾರ ಅರೆದಳು. ಪುಟ್ಟಿಗೆ ಅದು ಪ್ರಾಣ. ಒಂದು ತುತ್ತು ಬಾಯಿಗೆ ಇಟ್ಟವಳು ತಟ್ಟೆಯನ್ನೇ ತಳ್ಳಿ ಕಿರುಚಿದಳು. ಅವ್ವ ‘ಆಸ್ಪತ್ರೆ ಬ್ರೆಡ್ಡು ತಿಂದು ನಾಲ್ಗೆ ಕೆಟ್ಟದೆ ಇವ್ಳಿಗೆ’ ಅಂದಳು. ಆರನೆಯ ದಿನಕ್ಕೆ ತುಟಿಯ ಒಳಗೆ, ಕೆನ್ನೆಯ ಒಳಗೆ, ನಾಲಗೆಯ ಅಡಿಯಲ್ಲಿ ಬಿಳಿ ಬಿಳಿ ಪರೆ. ಪರೆ ಕಿತ್ತಲ್ಲಿ ರಕ್ತ. ನೀರು ಕುಡಿಯುವುದಕ್ಕೂ ಅಳು. ಮಾತಿಗೆ ನಾಲಗೆ ಬೇಕಲ್ಲ, ಮಾತೂ ನಿಂತಿತು. ಅಳುವಾಗಲೂ ಬಾಯಿ ತೆರೆಯುತ್ತಿರಲಿಲ್ಲ, ಕಣ್ಣಿಂದ ಮಾತ್ರ ನೀರು ಸುರಿಯುತ್ತಿತ್ತು. ರಾತ್ರಿ ನಿದ್ದೆಯಲ್ಲಿ ಉಗುಳು ನುಂಗಿ ಬೆಚ್ಚಿ ಏಳುವಳು.

ಈಗ ನಾವು ಹೇಳಬೇಕಾದ ಮಾತು ಇದೆ. ಗೆಳೆಯರೆ, ಇದನ್ನು ಹೇಳಲಿಕ್ಕೇ ಈ ಬರಹ.

ಮನೆಗೆ ಕಳಿಸುವ ದಿನ ವಾರ್ಡಿನಲ್ಲಿ ಒಬ್ಬರು ಅಕ್ಕನಿಗೆ ಹೇಳಿದ್ದರು, ‘ಬಾಯಿ ಕ್ಲೀನಾಗಿ ಇಟ್ಕೊಳ್ಳಿ, ಗಲೀಜು ಮಾಡ್ಕೊಂಡು ಬರಬೇಡಿ.’ ಅವರು ಹೇಳಿದ್ದು ಔಷಧಿಯ ಮಾತು. ನಮ್ಮ ಕಿವಿಗೆ ಬಿದ್ದದ್ದು ಬೇರೆ. ನಮಗೆ ಗಲೀಜು ಅನ್ನುವ ಪದ ಹೊಸದಲ್ಲ. ನಮ್ಮ ತಾತ ಗೌಡರ ಮುಂದೆ ಮಾತಾಡುವಾಗ ಬಾಯಿಗೆ ಅಡ್ಡ ಕೈ ಇಟ್ಟುಕೊಳ್ಳುತ್ತಿದ್ದ, ಅವನ ಉಸಿರು ಅವರಿಗೆ ತಾಕಬಾರದು. ಹೋಟೆಲಿನಲ್ಲಿ ಅವನಿಗೆ ಚಿಪ್ಪಿನಲ್ಲಿ ಟೀ. ಕೆರೆಯ ನೀರನ್ನು ಬೊಗಸೆಗೆ ಎತ್ತಿ ಬಾಯಿಗೆ ತಂದುಕೊಳ್ಳುವುದಕ್ಕೆ ಬಾಬಾಸಾಹೇಬರು 1927ರಲ್ಲಿ ಮಹಾಡಿನಲ್ಲಿ ಸಾವಿರಾರು ಜನರನ್ನು ಕಟ್ಟಿಕೊಂಡು ಹೋಗಬೇಕಾಯಿತು. ಅದಕ್ಕೆ ಏಳು ವರ್ಷ ಮುಂಚೆ, 1920ರಲ್ಲಿ, ಅವರು ಹೊರಡಿಸಿದ ಮೊದಲ ಪತ್ರಿಕೆಗೆ ‘ಮೂಕನಾಯಕ’ ಅಂತ ಹೆಸರಿಟ್ಟಿದ್ದರು. ಬಾಯಿಯ ಚರಿತ್ರೆ ನಮಗೆ ಹಾಗಿದೆ. ಹಾಗಾಗಿ ‘ಬಾಯಿ ಗಲೀಜು’ ಅಂದ ತಕ್ಷಣ ಅಕ್ಕನ ಮುಖ ಕಪ್ಪಿಟ್ಟಿತು. ನಾವು ಆ ರಾತ್ರಿ ಬಸ್ಸಿನಲ್ಲೇ ಸಿಟ್ಟಿನ ಪದ್ಯ ಬರೆದೆವು. ಬಾಯಿ ತೊಳೆಯುವುದು ಹೇಗೆ, ಎಷ್ಟು ಸಲ, ಯಾವ ನೀರಿನಲ್ಲಿ ಅಂತ ಯಾರೂ ಬಿಡಿಸಿ ಹೇಳಲಿಲ್ಲ. ನಾವೂ ಕೇಳಲಿಲ್ಲ.

ಏಳನೆಯ ದಿನ ತೋರಿಸಲು ಮತ್ತೆ ಹೋಗಬೇಕು. ಬಸ್ಸಿನಲ್ಲಿ ಅಕ್ಕ ಕೂಸಿನ ಕಿವಿಯಲ್ಲಿ ಹೇಳಿದಳು, ‘ಡಾಕ್ಟ್ರು ಕೇಳುದ್ರೆ ಏನೂ ಇಲ್ಲ ಅನ್ನು ಮಗ. ಉಣ್ಣು ಅಂದ್ರೆ ಇಂಜೆಕ್ಸನ್ ನಿಲ್ಲುಸ್ಬುಡ್ತಾರೆ.’ ಅವಳ ಲೆಕ್ಕ ಅವಳದು. ಔಷಧಿ ನಿಂತರೆ ಕೂಸು ಹೋಗುತ್ತದೆ. ಗಲೀಜು ಮಾಡಿಕೊಂಡು ಬಂದೆ ಅಂತ ಬೈಗುಳ ಬೇರೆ. ನಾವು ಪಕ್ಕದಲ್ಲೇ ಕೂತಿದ್ದೆವು. ಬೇಡ ಅನ್ನಲಿಲ್ಲ. ಆಸ್ಪತ್ರೆಯಲ್ಲಿ ಸಾಲು ಉದ್ದ ಇತ್ತು. ಡಾಕ್ಟರು ಫೈಲಿನಿಂದ ತಲೆ ಎತ್ತಿ ‘ಊಟ ಮಾಡ್ತಾಳಾ?’ ಅಂದರು. ‘ಮಾಡ್ತಾಳೆ ಸಾರ್, ಪರವಾಗಿಲ್ಲ’ ಅಂದೆವು. ಬಿ.ಎ. ಓದಿದ ಬಾಯಲ್ಲಿ ಅಂದೆವು. ಕೂಸು ಬಾಯಿಗೆ ಅಡ್ಡ ಕೈ ಇಟ್ಟುಕೊಂಡು ನಿಂತಿತ್ತು. ಬಾಯಿ ವಾಸನೆ ಬರುತ್ತದೆ ಅಂತ ಅದಕ್ಕೆ ನಾಚಿಕೆ.

ಆ ಕೈಯನ್ನು ನಾವು ಗುರುತು ಹಿಡಿದೆವು. ತಾತನ ಕೈ ಅದು. ತಾತನ ಬಾಯನ್ನು ಮುಚ್ಚಿಸಿದವರು ಗೌಡರು. ಈ ಕೂಸಿನ ಬಾಯನ್ನು ಮುಚ್ಚಿಸಿದವರು ನಾವು.

ಒಂಬತ್ತನೆಯ ರಾತ್ರಿ ಜ್ವರ ಕಾದು ಬಂತು. ಬಿಳಿ ಕಣಗಳು ನೆಲ ಕಚ್ಚಿದ್ದ ಹೊತ್ತಿನಲ್ಲಿ ಬಾಯಿಯ ಗಾಯ ಅಂದರೆ ಬಾಗಿಲಿಲ್ಲದ ಮನೆ. ಬಾಯೊಳಗೇ ಇರುವ ಕ್ರಿಮಿ ರಕ್ತಕ್ಕೆ ಇಳಿಯುತ್ತದೆ. ಕೀಮೋ ಆಗುತ್ತಿರುವ ಕೂಸಿಗೆ ಜ್ವರ ಬಂದರೆ ಬೆಳಗಾಗುವವರೆಗೂ ಕಾಯುವ ಹಾಗಿಲ್ಲ. ಬಡ್ಡಿಗೆ ದುಡ್ಡು ತಂದು ಕಾರು ಮಾಡಿಕೊಂಡು ಹೋದೆವು. ಹತ್ತು ದಿನ ನರಕ್ಕೆ ಆಂಟಿಬಯಾಟಿಕ್ಕು. ಮುಂದಿನ ಹಳದಿ ಔಷಧಿ ಎರಡು ವಾರ ಹಿಂದಕ್ಕೆ ಹೋಯಿತು. ಯಾವುದು ನಿಲ್ಲಬಾರದು ಅಂತ ಬಾಯಿ ಮುಚ್ಚಿಸಿದೆವೋ ಅದೇ ನಿಂತಿತು. ಆವತ್ತು ಆ ಕೂಸು ಹೋಗಿದ್ದರೆ ಯಾವ ಪತ್ರಿಕೆಯಲ್ಲಿ ಯಾವ ಪದ್ಯ ಬರೆದು ತೀರಿಸುತ್ತಿದ್ದೆವು?

ಆ ಸಲ ವಾರ್ಡಿನಲ್ಲಿ ಒಬ್ಬ ಸಿಸ್ಟರ್ ಇದ್ದರು. ಅವರು ನಮ್ಮನ್ನು ಏನೂ ಕೇಳಲಿಲ್ಲ. ಸೀದಾ ಮಂಚದ ಹತ್ತಿರ ಬಂದು ಕೂಸಿನ ಎತ್ತರಕ್ಕೆ ಬಗ್ಗಿದರು. ಕೈಯಲ್ಲಿ ಒಂದು ಕಾಗದ, ಕಾಗದದಲ್ಲಿ ಆರು ಮುಖ. ಮೊದಲನೆಯದು ನಗುವ ಮುಖ, ಕೊನೆಯದು ಅಳುವ ಮುಖ. ‘ಪುಟ್ಟಿ, ನಿನ್ನ ಬಾಯಿ ಇವತ್ತು ಯಾವ ಮುಖದಂಗೆ ಇದೆ, ತೋರ್ಸು’ ಅಂದರು. ಕೂಸು ಒಂದು ಗಳಿಗೆ ನಮ್ಮ ಮುಖ ನೋಡಿತು, ಅಕ್ಕನ ಮುಖ ನೋಡಿತು. ಆಮೇಲೆ ಬಾಯಿಗೆ ಅಡ್ಡ ಇಟ್ಟ ಕೈಯನ್ನು ತೆಗೆದು ಕೊನೆಯ ಮುಖದ ಮೇಲೆ ಬೆರಳಿಟ್ಟಿತು. ಅಲ್ಲಿಂದ ಬೆರಳು ತೆಗೆಯಲೇ ಇಲ್ಲ.

ಆ ಆರು ಮುಖಗಳನ್ನು 1980ರ ದಶಕದಲ್ಲಿ ಅಮೆರಿಕದ ಓಕ್ಲಹಾಮದಲ್ಲಿ ಡೊನಾ ವಾಂಗ್, ಕಾನಿ ಬೇಕರ್ ಎಂಬ ಇಬ್ಬರು ಹೆಂಗಸರು ಮಕ್ಕಳ ಜೊತೆ ಕೂತು ರೂಪಿಸಿದ್ದಂತೆ. ನೋವನ್ನು ಹೇಳಲು ಮಾತು ಸಾಲದ ಮಕ್ಕಳಿಗೆ ಬೆರಳು ಸಾಕು ಅಂತ. ಬಾಯಿ ಹುಣ್ಣನ್ನು ಅಳೆಯಲು ವಿಶ್ವ ಆರೋಗ್ಯ ಸಂಸ್ಥೆಯದೂ ಒಂದು ಅಳತೆ ಇದೆ, 1979ರದು. ಸೊನ್ನೆಯಿಂದ ನಾಲ್ಕು. ಬಾಯಿ ಕೆಂಪಾಗಿ ನೊಂದರೆ ಒಂದು. ಹುಣ್ಣಾಗಿಯೂ ಗಟ್ಟಿ ಊಟ ಉಣ್ಣಬಹುದಾದರೆ ಎರಡು. ನೀರಿನಂಥದ್ದು ಮಾತ್ರ ಇಳಿದರೆ ಮೂರು. ಏನೂ ಇಳಿಯದಿದ್ದರೆ ನಾಲ್ಕು. ನೋವನ್ನು ಅನ್ನದಿಂದ ಅಳೆಯುವ ಅಳತೆ. ಇದನ್ನು ಓದಿ ಹೇಳಿದಾಗ ಅವ್ವ ಅಂದಳು, ‘ಅಂಗಾದ್ರೆ ನಮ್ಮವ್ವ ಉಣ್ಣಿಲ್ದೇನೇ ಮೂರ್ರಲ್ಲಿದ್ಲು ಕಣಪ್ಪ, ಬರಗಾಲ್ದಾಗೆ ನಾಕು.’ ವಾರ್ಡಿನಲ್ಲಿ ಎಲ್ಲರೂ ನಕ್ಕರು. ನಕ್ಕು ಸುಮ್ಮನಾದರು.

ಕೆನಡಾದ ಡಾಕ್ಟರು, ನರ್ಸುಗಳು ಮಕ್ಕಳಿಗೆಂದೇ ಚೈಮ್ಸ್ ಅನ್ನುವ ಇನ್ನೊಂದು ಅಳತೆ ಮಾಡಿದ್ದಾರೆ. ಬಾಯಿ ಎಷ್ಟು ನೋಯುತ್ತದೆ, ಉಗುಳು ನುಂಗಲು ಎಷ್ಟು ಕಷ್ಟ, ಉಣ್ಣಲು ಎಷ್ಟು, ಕುಡಿಯಲು ಎಷ್ಟು. ಇದಕ್ಕೂ ಮುಖದ ಚಿತ್ರ ತೋರಿಸಿ ಕೂಸನ್ನೇ ಕೇಳುತ್ತಾರೆ. ಉಗುಳು ನುಂಗುವುದು ಒಂದು ಪ್ರಶ್ನೆಯಾಗಬಹುದು ಅಂತ ಯಾರೋ ಯೋಚಿಸಿದ್ದಾರಲ್ಲ, ಅವರಿಗೆ ನಮ್ಮ ಶರಣು.

ಇನ್ನೊಂದು ಮಾತು ಬೆಂಗಳೂರಿನಲ್ಲಿ ಕೇಳಿದೆವು, ಬದುಕಿನ ಗುಣಮಟ್ಟ. ಮೊದಲು ರೇಷನ್ ಅಕ್ಕಿಯ ಗುಣಮಟ್ಟ ಅನ್ನುವ ಹಾಗೆ ಕೇಳಿಸಿ ನಗು ಬಂತು. ಬದುಕೇ ಇಲ್ಲದವರಿಗೆ ಅದರ ಗುಣಮಟ್ಟ ಬೇರೆಯೇ? ಅದನ್ನು ಅಳೆಯಲೂ ಪ್ರಶ್ನೆಪತ್ರಿಕೆ ಇದೆ. ಜೇಮ್ಸ್ ವಾರ್ನಿ ಎಂಬುವವರು ತಮ್ಮ ಜೊತೆಯವರೊಂದಿಗೆ ಮಾಡಿದ್ದು. 23 ಪ್ರಶ್ನೆ, ನಾಲ್ಕು ಭಾಗ: ಮೈ, ಮನಸ್ಸು, ಜೊತೆಗಾರರು, ಶಾಲೆ. ಅದರ ಜೊತೆಗೆ ಕ್ಯಾನ್ಸರಿನ ಮಕ್ಕಳಿಗೇ ಬೇರೆ ಪ್ರಶ್ನೆಗಳಿವೆ. ಡಾಕ್ಟರಿಗೆ, ನರ್ಸಿಗೆ ತನಗೆ ಏನಾಗುತ್ತಿದೆ ಅಂತ ಹೇಳುವುದು ಎಷ್ಟು ಕಷ್ಟ ಅಂತಲೂ ಅದರಲ್ಲಿ ಕೇಳುತ್ತಾರೆ. ಅದನ್ನು ಓದಿದಾಗ ನಮಗೆ ನಗು ಬರಲಿಲ್ಲ. ಆ ನಾಲ್ಕು ಭಾಗವನ್ನೂ ಆ ಹುಣ್ಣು ಕಿತ್ತುಕೊಂಡಿತ್ತು. ಮೈಗೆ ಅನ್ನ ಇಲ್ಲ. ಮನಸ್ಸಿಗೆ ನಿದ್ದೆ ಇಲ್ಲ. ಕೇರಿಯ ಮಕ್ಕಳು ಆಡಲು ಬಂದರೆ ಗೋಡೆ ಕಡೆ ತಿರುಗಿ ಮಲಗುವುದು, ಬಾಯಿ ತೆರೆದರೆ ವಾಸನೆ ಅಂತ. ಶಾಲೆ ಅಂದರೆ ಅವಳಿಗೆ ಗಣಿತವಲ್ಲ ಕನ್ನಡವಲ್ಲ, ಬಿಸಿಯೂಟದ ಸಾಲು. ಮೊಟ್ಟೆ ಕೊಡುವ ದಿನ ಪಕ್ಕದ ಹುಡುಗಿಯ ಜೊತೆ ಕೂತು ಹಳದಿಯನ್ನು ಕೊನೆಗೆ ಉಳಿಸಿಕೊಂಡು ತಿನ್ನುವುದು. ಅದು ಹೋದರೆ ಶಾಲೆ ಹೋದ ಹಾಗೆ. ಜೀವ ಉಳಿದರೆ ಸಾಕು ಅಂತ ಅನ್ನುತ್ತಿದ್ದವರು ನಾವು. ಇಷ್ಟು ಹೋದ ಮೇಲೆ ಉಳಿಯುವ ಜೀವ ಯಾವುದು ಅಂತ ಕೇಳಿಕೊಂಡಿರಲಿಲ್ಲ.

ಮುಖದ ಮೇಲೆ ಬೆರಳಿಟ್ಟ ದಿನವೇ ಡಾಕ್ಟರು ಬಂದು ಟಾರ್ಚು ಹಾಕಿ ಬಾಯಿ ನೋಡಿದರು. ಮಾರ್ಫಿನ್ ಸಿರಪ್ಪು ಬರೆದರು. ಅಕ್ಕ ಹೆದರಿದಳು, ‘ಅದು ಅಮಲಿನ ಮದ್ದಂತೆ, ನಾಳೆ ಕೂಸು ಅದ್ಕೇ ಬೀಳಾಕಿಲ್ವ?’ ಡಾಕ್ಟರು ನಿಧಾನವಾಗಿ ಹೇಳಿದರು, ನೋವಿಗೆ ಎಷ್ಟು ಬೇಕೋ ಅಷ್ಟು ಲೆಕ್ಕ ಹಾಕಿ ಕೊಡುತ್ತೇವೆ, ಹುಣ್ಣು ಮಾಯುತ್ತಾ ಬಂದಂತೆ ಇಳಿಸಿ ನಿಲ್ಲಿಸುತ್ತೇವೆ, ಅಭ್ಯಾಸವಾಗುವುದಿಲ್ಲ. ಆ ರಾತ್ರಿ ಐದು ದಿನದ ಮೇಲೆ ಪುಟ್ಟಿ ನಿದ್ದೆ ಮಾಡಿದಳು. ಅಕ್ಕ ನಿದ್ದೆ ಮಾಡಲಿಲ್ಲ, ಕೂಸಿನ ಉಸಿರು ನೋಡುತ್ತಾ ಕೂತಿದ್ದಳು.

ಬಾಯಿ ಹುಣ್ಣಿಗೆ ಕೊಬ್ಬರಿ ಗಸಗಸೆ ಅಗಿಸು ಅಂತ ಅವ್ವ ಮೊದಲೇ ಹೇಳಿದ್ದಳು. ಮಾರ್ಫಿನ್ ಬರುವುದು ಅದೇ ಗಸಗಸೆ ಗಿಡದ ಕಾಯಿಯ ಹಾಲಿನಿಂದ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಸರ್ಕಾರದ ಲೈಸೆನ್ಸಿನಲ್ಲಿ ಬೆಳೆಯುತ್ತಾರೆ, ಹೊರದೇಶಕ್ಕೂ ಕಳಿಸಿದ್ದಾರೆ. ಬೆಳೆದ ದೇಶದ ರೋಗಿಗಳಿಗೇ ಅದು ಸಿಗದೆ ಹೋಯಿತು. 1985ರ ಮಾದಕ ವಸ್ತುಗಳ ಕಾನೂನು ಅಮಲಿನವರನ್ನು ಹಿಡಿಯಲು ಹೋಗಿ ನೋವಿನವರ ಕೈಯಿಂದ ಔಷಧಿ ಕಿತ್ತುಕೊಂಡಿತು. ಒಂದು ಬಾಟಲಿಗೆ ಹತ್ತು ಕಡೆ ಲೈಸೆನ್ಸು. ಯಾವ ಆಸ್ಪತ್ರೆಗೆ ಬೇಕು ಆ ಉಸಾಬರಿ? 2014ರಲ್ಲಿ ಕಾನೂನು ತಿದ್ದಿ ಸಡಿಲ ಮಾಡಿದ್ದಾರೆ. ಆದರೂ ಬೆಂಗಳೂರು ಬಿಟ್ಟು ನಮ್ಮ ಕಡೆಗೆ ಬಂದ ಮೇಲೆ ಆ ಸಿರಪ್ಪು ಕೇಳಿದರೆ ಅಂಗಡಿಯವರು ನಮ್ಮನ್ನು ಮೇಲಿಂದ ಕೆಳಗೆ ನೋಡಿದರು. ಕಾಗದದಲ್ಲಿ ಸಡಿಲವಾದದ್ದು ಕೇರಿಯವರೆಗೆ ಸಡಿಲವಾಗಿ ಬರುವುದಿಲ್ಲ. ಇದು ನಮಗೆ ಎಲ್ಲ ಕಾನೂನಿನಲ್ಲೂ ಗೊತ್ತಿರುವುದೇ.

ಆ ಹತ್ತು ರಾತ್ರಿ ಅವಳ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಫೋನಿನ ಬೆಳಕಿನಲ್ಲಿ ಆ ಹಳದಿ ಔಷಧಿಯ ಜಾತಕ ಓದಿದೆವು. ಲೂಸಿ ವಿಲ್ಸ್ ಎಂಬ ಇಂಗ್ಲೆಂಡಿನ ಡಾಕ್ಟರಮ್ಮ 1928ರಲ್ಲಿ ಮುಂಬಯಿಗೆ ಬಂದರು. ಬಟ್ಟೆ ಮಿಲ್ಲುಗಳ ಬಡ ಬಸುರಿಯರು ರಕ್ತವಿಲ್ಲದೆ ಬಿಳಿಚಿಕೊಂಡು ಸಾಯುತ್ತಿದ್ದರು. ಅವರಿಗೆ ಯೀಸ್ಟಿನ ಸಾರ ತಿನ್ನಿಸಿದರೆ ರಕ್ತ ಬರುತ್ತದೆ ಅಂತ ಆಕೆ 1931ರಲ್ಲಿ ಬರೆದರು. ಆ ಸಾರದೊಳಗೆ ಇದ್ದದ್ದು ಫೋಲಿಕ್ ಆಸಿಡ್. ರಕ್ತ ಬೆಳೆಯಲು ಅದು ಬೇಕು. ಕ್ಯಾನ್ಸರಿನ ರಕ್ತ ಬೆಳೆಯಲೂ ಅದೇ ಬೇಕು. ಆಂಧ್ರದ ಭೀಮಾವರಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಯೆಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ಫೋಲಿಕ್ ಆಸಿಡ್ಡಿನ ವೇಷ ಹಾಕಿಕೊಂಡು ಕಣವನ್ನು ಮೋಸ ಮಾಡುವ ಔಷಧಿಯನ್ನು ತಯಾರಿಸಿತು. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅದನ್ನು ಲುಕೀಮಿಯಾದ 16 ಮಕ್ಕಳಿಗೆ ಕೊಟ್ಟು, 10 ಮಕ್ಕಳಲ್ಲಿ ಕಾಯಿಲೆ ಕೆಲಕಾಲ ಹಿಂದೆ ಸರಿಯಿತು ಅಂತ 1948ರಲ್ಲಿ ಪ್ರಕಟಿಸಿದರು. ಅದೇ ವರ್ಷ ಸುಬ್ಬರಾವ್ ತೀರಿಕೊಂಡರು. ನಮ್ಮ ಪುಟ್ಟಿಗೆ ಇಳಿಸುವ ಮೆಥೊಟ್ರೆಕ್ಸೇಟ್ ಆ ಮೊದಲ ಔಷಧಿಯ ತಂಗಿ.

ಮುಂಬಯಿಯ ಮಿಲ್ಲಿನ ಹೆಂಗಸರ ಹೆಸರು ಎಲ್ಲೂ ಇಲ್ಲ. ಅವರ ಬಿಳಿಚಿದ ರಕ್ತದಿಂದ ಹೊರಟ ವಿದ್ಯೆ ಸುತ್ತಿ ಬಳಸಿ ನಮ್ಮ ಕೂಸಿನ ನರಕ್ಕೆ ಬಂದಿದೆ. ಹಾಗಾಗಿ ಈ ಔಷಧಿ ನಮಗೆ ಯಾರೋ ಕೊಟ್ಟ ದಾನ ಅಂತ ನಾವು ತಿಳಿಯುವುದಿಲ್ಲ. ಅದರಲ್ಲಿ ನಮ್ಮಂಥವರ ಪಾಲೂ ಇದೆ. ಇನ್ನೊಂದು ಸಂಗತಿ. ಫಾರ್ಬರ್ ಬರೆದ ಆ ಮೊದಲ ವರದಿಯಲ್ಲೇ ಮಕ್ಕಳ ಬಾಯಿ ಹುಣ್ಣಿನ ಮಾತೂ ಇದೆ. ಅಂದರೆ ಇದು ಮುಕ್ಕಾಲು ಶತಮಾನದಿಂದ ಗೊತ್ತಿರುವ ನೋವು. ಗೊತ್ತಿಲ್ಲದವರು ನಾವು ಮಾತ್ರ.

ಹಾಗಾದರೆ ಏನು ಮಾಡಬೇಕು? ಆ ಸಿಸ್ಟರ್ ಹೇಳಿಕೊಟ್ಟಿದ್ದನ್ನು ಇಲ್ಲಿ ಬರೆಯುತ್ತೇವೆ. ಓದಿದವರು ಓದಲಾರದವರಿಗೆ ಹೇಳಿ. ಒಂದು ಲೋಟ ಕಾಯಿಸಿ ಆರಿಸಿದ ನೀರಿಗೆ ಕಾಲು ಚಮಚ ಉಪ್ಪು, ಕಾಲು ಚಮಚ ಅಡುಗೆ ಸೋಡಾ. ಉಂಡ ಮೇಲೆ, ಮಲಗುವ ಮುಂಚೆ, ನಡುವೆಯೂ ಬಾಯಿ ಮುಕ್ಕಳಿಸಿ ಉಗಿಯುವುದು. ಮೆತ್ತನೆ ಬ್ರಷ್ಷು. ಇದ್ದಿಲು ಬೇಡ, ಉಮಿಕರಿ ಬೇಡ, ಬೇವಿನಕಡ್ಡಿಯೂ ಆಗ ಬೇಡ. ಖಾರ, ಹುಳಿ, ಬಿಸಿಬಿಸಿ ಬೇಡ. ತುಟಿ ಒಣಗಲು ಬಿಡಬಾರದು. ಹುಣ್ಣು ಕಂಡ ದಿನವೇ ಹೇಳಬೇಕು, ಮುಚ್ಚಿಡಬಾರದು. ಜ್ವರ ಬಂದರೆ ಆ ಗಳಿಗೆಯಲ್ಲೇ ಹೊರಡಬೇಕು. ಕೆಲವು ಔಷಧಿಗಳನ್ನು ಬೇಗ ಇಳಿಸುವಾಗ ಬಾಯಲ್ಲಿ ಐಸ್ ಚೂರು ಇಟ್ಟುಕೊಂಡರೆ ಹುಣ್ಣು ಕಡಿಮೆ, ನಮ್ಮ ಹಳದಿ ಔಷಧಿಯಂತೆ ದಿನವಿಡೀ ಇಳಿಯುವುದಕ್ಕೆ ಅದು ಸಾಲದು. ಬಾಯೊಳಗೆ ಕೆಂಪು ಬೆಳಕು ಬಿಡುವ ಲೇಸರ್ ಯಂತ್ರವೂ ಬಂದಿದೆ, ನೋವಿಲ್ಲದ ಚಿಕಿತ್ಸೆ ಅದು. ಆದರೆ ಯಂತ್ರ ಇರುವ ವಾರ್ಡು ಬೇರೆ, ನಾವು ಇರುವ ವಾರ್ಡು ಬೇರೆ.

ಉಪ್ಪು, ಸೋಡಾ, ನೀರು. ಇಷ್ಟು ಸಣ್ಣದನ್ನು ಮೊದಲ ದಿನವೇ ಕನ್ನಡದಲ್ಲಿ, ಅಕ್ಕನ ಕೈ ಹಿಡಿದು ಕಲಿಸಿದ್ದರೆ ಎಷ್ಟೋ ನೋವು ಕಡಿಮೆಯಾಗುತ್ತಿತ್ತು. ಹುಣ್ಣು ಬರುವುದೇ ಇಲ್ಲ ಅಂತ ನಾವು ಹೇಳುತ್ತಿಲ್ಲ. ಎಷ್ಟು ತೊಳೆದರೂ ಕೆಲವು ಮಕ್ಕಳಿಗೆ ಬಂದೇ ಬರುತ್ತದೆ, ಅದು ತಾಯಿಯ ತಪ್ಪಲ್ಲ, ಕೂಸಿನ ಗಲೀಜಲ್ಲ, ಔಷಧಿಯ ಗುಣ. ಈ ಒಂದು ಮಾತು ಹೇಳಿದ್ದರೆ ಅಕ್ಕ ಮುಚ್ಚಿಡುತ್ತಿರಲಿಲ್ಲ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಕಾರ್ಡು ನಮ್ಮ ಕೀಮೋದ ಖರ್ಚನ್ನು ಹೊತ್ತಿದೆ, ಇಲ್ಲ ಅನ್ನುವುದಿಲ್ಲ. ಅಕ್ಕ ಕಳೆದುಕೊಂಡ ಕೂಲಿಯನ್ನು, ಮಧ್ಯರಾತ್ರಿಯ ಕಾರಿನ ಬಾಡಿಗೆಯನ್ನು ಆ ಕಾರ್ಡು ಕಾಣದು. ಕೂಸಿನ ಎದುರು ಬಗ್ಗಿ ನಿನ್ನ ಬಾಯಿ ಹೇಗಿದೆ ಅಂತ ಕೇಳುವುದಕ್ಕೆ ಯಾವ ಕಾರ್ಡೂ ಬೇಡ. ಅದೂ ನಡೆಯುತ್ತಿಲ್ಲ. ನೂರು ಮಕ್ಕಳಿಗೆ ಮೂರು ಜನ ಸಿಸ್ಟರುಗಳನ್ನು ಇಟ್ಟರೆ ಅವರಾದರೂ ಎಷ್ಟು ಸಲ ಬಗ್ಗಬೇಕು?

ಹದಿನೆಂಟನೆಯ ದಿನ ಬಿಳಿ ಕಣ ಮೇಲೆದ್ದವು. ಕಣ ಎದ್ದ ಹಾಗೆ ಬಾಯಿಯೂ ಮಾಯುತ್ತಾ ಬಂತು. ಅವ್ವ ರಾಗಿ ಅಂಬಲಿ ತೆಳ್ಳಗೆ ಕಾಯಿಸಿ, ಆರಿಸಿ, ಸೋಸಿ ತಂದಳು. ಪುಟ್ಟಿ ಲೋಟವನ್ನು ತಾನೇ ಹಿಡಿದುಕೊಂಡು ಒಂದು ಗುಟುಕು ಕುಡಿದಳು. ನಾವೆಲ್ಲ ಅವಳ ಗಂಟಲನ್ನೇ ನೋಡುತ್ತಿದ್ದೆವು. ಇಳಿಯಿತು. ಇನ್ನೊಂದು ಗುಟುಕು. ಮುಖ ಸಿಂಡರಿಸಿಕೊಂಡಳು. ನಮ್ಮ ಎದೆ ಧಸಕ್ಕೆಂದಿತು.

‘ಉಪ್ಪೇ ಹಾಕಿಲ್ವಲ್ಲಜ್ಜಿ’ ಅಂದಳು.

ಹನ್ನೆರಡು ದಿನಕ್ಕೆ ಆ ಬಾಯಿಂದ ಬಂದ ಮೊದಲ ಪೂರ್ತಿ ಮಾತು ಅದು. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಸ್ವಲ್ಪ ಹೊತ್ತು ಬಿಟ್ಟು ನಾವು ಕೇಳಿದೆವು, ಅಷ್ಟು ನೋಯ್ತಿದ್ದರೆ ಮಾವನಿಗಾದರೂ ಯಾಕೆ ಹೇಳಲಿಲ್ಲ ಮಗ?

‘ನೀವ್ಯಾರೂ ನನ್ನ ಕೇಳ್ನೇ ಇಲ್ವಲ್ಲ ಮಾವ’ ಅಂದಳು.

ಔಷಧಿ ಇನ್ನೂ ಮುಗಿದಿಲ್ಲ. ಮಾತ್ರೆಗಳೇ ಇನ್ನೂ ಬಹಳ ತಿಂಗಳು ಇವೆ. ಹಳದಿ ಔಷಧಿ ಆಮೇಲೂ ಮೂರು ಸಲ ಇಳಿಯಿತು, ಹುಣ್ಣು ಮತ್ತೆ ಎರಡು ಸಲ ಬಂತು. ಪ್ರತಿ ಸಲವೂ ಮೊದಲ ದಿನವೇ ಹೇಳಿದೆವು. ಹೇಳಿದೆವು ಅನ್ನುವುದು ತಪ್ಪು. ಅವಳೇ ಹೇಳಿದಳು, ನಾವು ಪಕ್ಕದಲ್ಲಿ ನಿಂತಿದ್ದೆವು. ಆ ಆರು ಮುಖಗಳನ್ನು ಅವಳ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಟ್ಟಿದ್ದೇವೆ. ದಿನಾ ಬೆಳಿಗ್ಗೆ ಹಲ್ಲುಜ್ಜಿದ ಮೇಲೆ ತೋರಿಸುತ್ತಾಳೆ. ಕೆಲವು ದಿನ ಕೊನೆಯ ಮುಖ, ಕೆಲವು ದಿನ ನಡುವಿನದು. ಮೊನ್ನೆ ನಗುವ ಮುಖಕ್ಕೆ ಬೆರಳಿಟ್ಟು ಖಾರ ಕೇಳಿದಳು. ಇನ್ನೊಂದು ವಾರ ತಡಿ ಅಂದೆವು. ಜಗಳಕ್ಕೆ ಬಂದಳು.

ಬಾಯಿ ಇಲ್ಲದವರ ಬಾಯಿ ನಾವು ಅಂತ ಇನ್ನು ಮೇಲೆ ಬರೆಯುವುದಿಲ್ಲ. ಕೂಸಿಗೆ ಬಾಯಿ ಇದೆ. ಗಾಯ ಆಗಿದ್ದಾಗಲೂ ಇತ್ತು. ಗೆಳೆಯರೆ, ನಿಮ್ಮ ನಿಮ್ಮ ಊರಿನಿಂದ ಇಂಥ ಕೂಸುಗಳು ಬೆಂಗಳೂರಿನ ಬಸ್ಸು ಹತ್ತುತ್ತಿರುತ್ತವೆ. ಜೊತೆಗೆ ಫೈಲು ಹಿಡಿದುಕೊಂಡು ನಮ್ಮಂಥ ಒಬ್ಬರು ಓದಿದವರು ಇರುತ್ತೀರಿ. ಫೈಲು ಓದಿ. ಅದಕ್ಕೂ ಮುಂಚೆ ಬಗ್ಗಿ ಕೂಸನ್ನು ಕೇಳಿ.